ನಿಲ್ದಾಣದ ದನಿಯನ್ನು ಏಳು ಸಲ ಹಿಂಡಿದ ಬಗ್ಗೆ

ಸಂಖ್ಯೆ: ಪ್ರಕಟಣೆ/ದನಿ/ಕಿರಿದು/೭
ಪ್ರಕಟಣಾ ವಿಭಾಗ, ಬಸ್ ನಿಲ್ದಾಣ, ಎರಡನೇ ಮಹಡಿ (ಲಿಫ್ಟ್ ಕೆಟ್ಟಿದೆ)

ವಿಷಯ: ಧ್ವನಿ ಕಡತಗಳನ್ನು ಗುಣಮಟ್ಟ ಕೆಡದಂತೆ ಕಿರಿದುಗೊಳಿಸುವ ಬಗ್ಗೆ, ಹಾಗೂ ಹಾಗೆ ಮಾಡಲು ಹೋಗಿ ಆದದ್ದರ ಬಗ್ಗೆ.

ಉಲ್ಲೇಖ: ೧) ಕಂಪ್ಯೂಟರಿನಲ್ಲಿ ಜಾಗವಿಲ್ಲವೆಂಬ ಈ ಕಚೇರಿಯ ಜ್ಞಾಪನ.
೨) ಹಾಗಾದರೆ ಜಾಗ ಮಾಡಿ ಎಂಬ ಮೇಲಿನ ಕಚೇರಿಯ ಜ್ಞಾಪನ.
೩) ನಿವೃತ್ತ ಉದ್ಘೋಷಕಿಯವರು ಮೇಜು ಕುಟ್ಟಿ ಸಲ್ಲಿಸಿದ ಮೌಖಿಕ ದೂರು.

ಮೇಲ್ಕಂಡ ವಿಷಯದಲ್ಲಿ ಸಮಸ್ತ ಸಿಬ್ಬಂದಿಯ ಅವಗಾಹನೆಗೆ ತರಲಾಗುವುದೇನೆಂದರೆ:

೧. ಈ ನಿಲ್ದಾಣದಲ್ಲಿ ಇಪ್ಪತ್ತಾರು ವರ್ಷ ಬಸ್ಸುಗಳ ವೇಳೆ ಕೂಗಿ ನಿವೃತ್ತರಾದ, ಎಲ್ಲರೂ ‘ಮೈಕಮ್ಮ’ ಎಂದೇ ಕರೆಯುವ ಉದ್ಘೋಷಕಿಯವರ ದನಿಯು, ಅವರು ಮನೆಗೆ ಹೋದ ಮೇಲೂ ಧ್ವನಿಮುದ್ರಣದ ರೂಪದಲ್ಲಿ ಸೇವೆಯಲ್ಲಿ ಮುಂದುವರಿದಿತ್ತು.

೨. ಸದರಿ ಕಡತವು ದೊಡ್ಡದಾಗಿದ್ದರಿಂದ ಕಿರಿದುಗೊಳಿಸಲು ಆದೇಶಿಸಲಾಯಿತು. ಧ್ವನಿ ತಂತ್ರಜ್ಞರು ಮೂಲದಿಂದ ಎಂಪಿ-ತ್ರೀ ಮಾಡಿ, “ಹತ್ತನೇ ಒಂದು ಪಾಲಾಗಿದೆ ಸಾರ್, ಕಿವಿಗೆ ವ್ಯತ್ಯಾಸ ಗೊತ್ತಾಗಲ್ಲ, ಇನ್ನು ಯಾರೂ ಮುಟ್ಬೇಡಿ” ಎಂದು ತಿಳಿಸಿರುತ್ತಾರೆ. ಆದರೆ ಕಡತವು ಅನುಮೋದನೆಗಾಗಿ ಏಳು ಮೇಜುಗಳನ್ನು ಹಾಯಬೇಕಾಗಿದ್ದು, ಪ್ರತಿ ಮೇಜಿನವರೂ ತಾವೂ ಕೆಲಸ ಮಾಡಿದ್ದೇವೆಂದು ತೋರಿಸಲು ಇನ್ನೊಂದು ಸಲ ಹಿಂಡಿರುತ್ತಾರೆ. ಏಳನೇ ಮೇಜಿನ ಹೊತ್ತಿಗೆ ಇಡೀ ನಿಲ್ದಾಣದ ವೇಳಾಪಟ್ಟಿಯು ಉಪ ನಿರ್ದೇಶಕರ ಭಾವಚಿತ್ರಕ್ಕಿಂತ ಕಡಿಮೆ ಜಾಗದಲ್ಲಿ ಹಿಡಿಸಿತು. ಏಳೂ ಮಂದಿಗೆ ಪ್ರಶಂಸಾ ಪತ್ರ ನೀಡಲಾಯಿತು. ಪ್ರಶಂಸಾ ಪತ್ರಗಳನ್ನು ಸ್ಕ್ಯಾನ್ ಮಾಡಿ ಇಡಲು ಜಾಗ ಸಾಲದೆ ಮೂಲ ಧ್ವನಿ ಕಡತವನ್ನು ಅಳಿಸಲಾಯಿತು.

೩. ಮರುದಿನದಿಂದ ಕಂಡುಬಂದ ಅಂಶಗಳು:

‘ಬಸ್ಸು ಹೊರಡಲಿದೆ’ ಎಂಬುದು ‘ಬಸ್ಸು ಹೊರಳಲಿದೆ’ ಎಂದು ಕೇಳಿಸಿ, ಎರಡನೇ ಅಂಕಣದಲ್ಲಿ ನಲವತ್ತೊಂದು ಮಂದಿ ಒಮ್ಮೆಗೇ ಇಳಿದು ಓಡಿರುತ್ತಾರೆ. ಎಲ್ಲರಿಗಿಂತ ಮುಂದೆ ಚಾಲಕರು.

‘ಕಿಟಕಿಯಿಂದ ಕೈ ಚಾಚಬೇಡಿ’ ಎಂಬುದು ‘ಕೈ ಚಾಚಿ ಬೇಡಿ’ ಎಂದು ಕೇಳಿಸಿ, ಕನ್ನಡಕದ ಅಂಗಡಿಯವರೊಬ್ಬರು ನಿಷ್ಠೆಯಿಂದ ಬೇಡಿದ್ದು, ಅರ್ಧ ಬಾಳೆಹಣ್ಣು ಮತ್ತು ಒಂದು ಅಂಗಿಗುಂಡಿ ಸಿಕ್ಕಿರುತ್ತದೆ. ಗುಂಡಿ ಈ ಕಚೇರಿಯ ವಶದಲ್ಲಿದೆ.

‘ದಯವಿಟ್ಟು ಗಮನಿಸಿ’ ಎಂಬುದನ್ನು ನಿರ್ವಾಹಕರು ‘ದಯೆ ಬಿಟ್ಟು ಗದರಿಸಿ’ ಎಂಬ ಆದೇಶವೆಂದು ಭಾವಿಸಿರುತ್ತಾರೆ. ಅವರ ನಡತೆಯಲ್ಲಿ ಯಾವ ವ್ಯತ್ಯಾಸವೂ ಕಂಡುಬಾರದ ಕಾರಣ ಈ ಬಗ್ಗೆ ತನಿಖೆ ಕೈಬಿಡಲಾಗಿದೆ.

೪. ಗುಣಮಟ್ಟ ಮರಳಿಸಲು ಉಪ ನಿರ್ದೇಶಕರು ಕಡತಕ್ಕೆ ಬಡ್ತಿ ನೀಡಿ, ಸೆಕೆಂಡಿಗೆ ಎಂಟು ಕಿಲೋಬಿಟ್ ಇದ್ದುದನ್ನು ಮುನ್ನೂರ ಇಪ್ಪತ್ತಕ್ಕೆ ಏರಿಸಿದರು. ಕಡತ ನಲವತ್ತು ಪಟ್ಟು ದಪ್ಪಗಾಯಿತು; ಗೊಗ್ಗರು ದನಿ ಹಾಗೇ ಉಳಿಯಿತು. “ಹಿಂಡಿದ ನಿಂಬೆಹಣ್ಣಿಗೆ ರಸ ವಾಪಸ್ ತುಂಬೋಕಾಗಲ್ಲ ಸಾರ್” ಎಂಬ ತಂತ್ರಜ್ಞರ ಮಾತನ್ನು ನಡಾವಳಿಯಲ್ಲಿ ದಾಖಲಿಸದಿರಲು ತೀರ್ಮಾನಿಸಲಾಗಿತ್ತು. ಈಗ ದಾಖಲಿಸಲಾಗಿದೆ.

೫. ಹೀಗಿರುವಲ್ಲಿ, ತಂಗಿಯ ಹೊಸ ಮನೆ ನೋಡಲು ಹೊರಟ ಮೈಕಮ್ಮನವರು ಇದೇ ನಿಲ್ದಾಣದ ಬೆಂಚಿನ ಮೇಲೆ ಕುಳಿತು, ತಮ್ಮದೇ ದನಿ ತಮಗೆ ಅರ್ಥವಾಗದೆ ಎರಡು ಬಸ್ಸು ತಪ್ಪಿಸಿಕೊಂಡಿರುತ್ತಾರೆ. “ಯಾರಮ್ಮ ಇವಳು, ಮೂಗು ಮುಚ್ಕೊಂಡು ಬಾವಿಯೊಳಗಿಂದ ಕೂಗೋಳು?” ಎಂದು ಅವರು ಕೇಳಲಾಗಿ, ಪಕ್ಕದ ಪ್ರಯಾಣಿಕರು, “ಯಾರೋ ಮೈಕಮ್ಮ ಅಂತೆ. ಪಾಪ, ವಯಸ್ಸಾಗಿದೆ” ಎಂದು ಉತ್ತರಿಸಿರುತ್ತಾರೆ.

೬. ಮೈಕಮ್ಮನವರು ಲಿಫ್ಟಿಗೆ ಕಾಯದೆ ನಲವತ್ತೆರಡು ಮೆಟ್ಟಿಲು ಹತ್ತಿ ಬಂದು, “ನನ್ನ ದನೀನ ನಂಬಿ ನಿಮ್ಮ ಕೈಲಿ ಬಿಟ್ಟು ಹೋಗಿದ್ದೆ ಕಣಯ್ಯಾ! ಒಗೆದ ಬಟ್ಟೆ ಥರ ಹಿಂಡಿ ಇಟ್ಟಿದ್ದೀರಲ್ಲ!” ಎಂದಿರುತ್ತಾರೆ. ದನಿ ತಮ್ಮದೇ ಎಂಬುದಕ್ಕೆ ದಾಖಲೆ ಹಾಜರುಪಡಿಸಲು ಉಪ ನಿರ್ದೇಶಕರು ಕೋರಿದಾಗ, ಅವರು ಮೈಕು ಎಳೆದುಕೊಂಡು “ಪ್ರಯಾಣಿಕರ ಗಮನಕ್ಕೆ” ಎಂದರು. ಕೆಳಗೆ ಇಡೀ ನಿಲ್ದಾಣ ತಲೆಯೆತ್ತಿತು. ಚಹಾದವನು ಲೋಟ ತುಂಬಿ ಹರಿದರೂ ಸುರಿಯುತ್ತಲೇ ಇದ್ದ. “ಮೂಲ ಸಾರ್! ಮೂಲವೇ ನಡ್ಕೊಂಡು ಬಂದಿದೆ!” ಎಂದು ತಂತ್ರಜ್ಞರು ಕುರ್ಚಿಯಿಂದ ಜಿಗಿದು ಧ್ವನಿಮುದ್ರಣದ ಗುಂಡಿ ಒತ್ತಿರುತ್ತಾರೆ.

೭. ಅವರು ಬಿಸಿನೀರು ಕುಡಿಯುತ್ತ ಪೂರ್ತಿ ವೇಳಾಪಟ್ಟಿಯನ್ನು ಹೊಸದಾಗಿ ಓದಿಕೊಟ್ಟರು. ಕೊನೆಯ ಪುಟದಲ್ಲಿ, “ನಾಲ್ಕು ಹತ್ತರ ಬಸ್ಸು ಐದನೇ ಅಂಕಣದಿಂದ ಹೊರಡಲಿದೆ” ಎಂದವರೇ ಗಡಿಯಾರ ನೋಡಿ, “ಅಯ್ಯೋ, ಇದು ನನ್ನ ಬಸ್ಸು!” ಎಂದು ಕಿಟಕಿಗೆ ಬಾಗಿ, “ಏ ಡ್ರೈವರಣ್ಣಾ, ಒಂದ್ ನಿಮಿಷ ನಿಲ್ಸಪ್ಪಾ, ಬಂದೇಬಿಟ್ಟೆ!” ಎಂದು ಕೂಗಿ ಓಡಿರುತ್ತಾರೆ. ಚಾಲಕರು ನಿಲ್ಲಿಸಿದರು. ಅವರು ಹತ್ತಿದರು. ಮೆಟ್ಟಿಲಿಳಿದ ಚಪ್ಪಲಿಯ ಸದ್ದೂ ಸೇರಿ ಎಲ್ಲವೂ ಮುದ್ರಣವಾಗಿದೆ.

೮. ಆದುದರಿಂದ ಈ ಮೂಲಕ ಕಟ್ಟುನಿಟ್ಟಾಗಿ ಸೂಚಿಸಲಾಗಿದೆ:

(ಅ) ಕಿರಿದುಗೊಳಿಸುವುದನ್ನು ಮೂಲದಿಂದಲೇ, ಒಂದೇ ಸಲ, ತಂತ್ರಜ್ಞರೊಬ್ಬರೇ ಮಾಡತಕ್ಕದ್ದು. ಉಳಿದ ಏಳು ಮೇಜಿನವರಿಗೆ ಕೈ ತುರಿಸಿದಲ್ಲಿ ತಲಾ ಒಂದು ನಿಂಬೆಹಣ್ಣು ಒದಗಿಸಲಾಗುವುದು.

(ಆ) ಮೂಲವನ್ನು ಎರಡು ಕಡೆ ಜೋಪಾನವಾಗಿ ಇಡತಕ್ಕದ್ದು. ಪ್ರಶಂಸಾ ಪತ್ರಗಳನ್ನು ಅಳಿಸಲು ಯಾರ ಅನುಮತಿಯೂ ಬೇಕಿಲ್ಲ.

(ಇ) ಕಿರಿದಾದ ಕಡತವನ್ನು ಅಧಿಕಾರಿಗಳು ಕಣ್ಣಿನಿಂದ ಪರಿಶೀಲಿಸುವ ಪದ್ಧತಿಯನ್ನು ಕೈಬಿಟ್ಟು ಕಿವಿಯನ್ನು ಬಳಸತಕ್ಕದ್ದು. ಎರಡು ಕಿವಿಗಳ ನಡುವೆ ಭಿನ್ನಾಭಿಪ್ರಾಯ ಬಂದಲ್ಲಿ ಬಲಗಿವಿಯದು ಅಂತಿಮ.

(ಈ) ಕಿರಿದಾದ ನಂತರವೂ ಚಪ್ಪಲಿಯ ನಲವತ್ತೆರಡು ಮೆಟ್ಟಿಲೂ ಬಿಡಿಬಿಡಿಯಾಗಿ ಕೇಳಿಸತಕ್ಕದ್ದು. ನಲವತ್ತೊಂದೇ ಕೇಳಿದಲ್ಲಿ ಮತ್ತೆ ಮೂಲದಿಂದ ಆರಂಭಿಸತಕ್ಕದ್ದು. (ಮೊದಲ ಎಣಿಕೆಯಲ್ಲಿ ಮೂವತ್ತೊಂಬತ್ತನೇ ಮೆಟ್ಟಿಲಿಗೆ ಉಪ ನಿರ್ದೇಶಕರು ಸೀನಿದ್ದು, ಎರಡನೇ ಎಣಿಕೆಯಲ್ಲಿ ಲೆಕ್ಕ ಸರಿಹೋಗಿರುತ್ತದೆ. ಕಡತ ಹತ್ತನೇ ಒಂದು ಪಾಲಿಗೆ ಇಳಿದಿದೆ. ಸೀನು ಕಡತದ ಭಾಗವಲ್ಲ.)

(ಉ) ಕಡತದ ಕೊನೆಯ ಕೂಗನ್ನು ಕತ್ತರಿಸಬಾರದೆಂದು ತಂತ್ರಜ್ಞರು ರಾಜೀನಾಮೆ ಪತ್ರ ಹಿಡಿದುಕೊಂಡು ವಿನಂತಿಸಿರುವುದರಿಂದ, ಅದನ್ನು ಉಳಿಸಿಕೊಳ್ಳಲಾಗಿದೆ. ಹೀಗಾಗಿ ಪ್ರತಿದಿನ ನಾಲ್ಕು ಹತ್ತಕ್ಕೆ “ಒಂದ್ ನಿಮಿಷ ನಿಲ್ಸಪ್ಪಾ” ಎಂಬ ಆಜ್ಞೆ ಹೊರಡುತ್ತಿದ್ದು, ಚಾಲಕರು ಒಂದು ನಿಮಿಷ ನಿಲ್ಲಿಸುತ್ತಿದ್ದಾರೆ. ಆ ನಿಮಿಷದಲ್ಲಿ ದಿನಕ್ಕೆ ಇಬ್ಬರೋ ಮೂವರೋ ಏದುಸಿರು ಬಿಡುತ್ತ ಓಡಿಬಂದು ಹತ್ತುತ್ತಿರುವುದು ಈ ಕಚೇರಿಯ ಗಮನಕ್ಕೆ ಬಂದಿದೆ. ಕಚೇರಿಯ ಆಕ್ಷೇಪಣೆ ಏನೂ ಇರುವುದಿಲ್ಲ.

(ಸಹಿ ಇದೆ, ಓದಲಾಗದು)
ಉಪ ನಿರ್ದೇಶಕರು, ಪ್ರಕಟಣೆ ಮತ್ತು ಗದ್ದಲ

ಪ್ರತಿಗಳು:
೧. ಏಳೂ ಮೇಜಿನವರಿಗೆ; ಈ ಕಾಗದವನ್ನು ಮಡಚದಿರುವ ಷರತ್ತಿನೊಂದಿಗೆ.
೨. ಎಲ್ಲ ಚಾಲಕರಿಗೆ, ನಿರ್ವಾಹಕರಿಗೆ. ನಿಧಾನವಾಗಿ ಓದಿ ಹೇಳಲು.
೩. ಧ್ವನಿ ತಂತ್ರಜ್ಞರಿಗೆ; ರಾಜೀನಾಮೆ ಪತ್ರವನ್ನು ಲಗತ್ತಿಸಿ ಹಿಂದಿರುಗಿಸಲಾಗಿದೆ.
೪. ಲಿಫ್ಟ್ ದುರಸ್ತಿಯವರಿಗೆ, ಹದಿನಾಲ್ಕನೇ ನೆನಪೋಲೆ.
೫. ಕಚೇರಿ ಪ್ರತಿ.