ಕಿಟಕಿಗೆ ಮೂರು ಕೊಟೇಶನ್

ಗುಡ್ಡದ ಮೇಲಿನ ಶಾಲೆಯ ಲೆಕ್ಕಾಧಿಕಾರಿ ಡಾಡ್ಜಿಯವರು "ಮೂರು ಕೊಟೇಶನ್ ಬೇಕು" ಅನ್ನದೇ ಇದ್ದಿದ್ದರೆ ಫೀಫಿಗೆ ಈ ಗತಿ ಬರುತ್ತಿರಲಿಲ್ಲ. ಆದರೆ ಅಂದರು. ಶುಕ್ರವಾರ ಬೆಳಗ್ಗೆ ಏಳಕ್ಕೇ ಫೋನು ಮಾಡಿ ಅಂದರು.

"ನೋಡಪ್ಪಾ ಫೀಫಿ, ಹರ್ಮಟಾನ್ ಧೂಳುಗಾಳಿಗೆ ಶಾಲೆ ಕಿಟಕಿಯೆಲ್ಲ ಕೆಮ್ಮಣ್ಣು ಬಳಿದ ಹಾಗಾಗಿದೆ. ಮುಂದಿನ ವಾರ ಬಹುಮಾನದ ಸಮಾರಂಭ. ಮಕ್ಕಳನ್ನ ಏಣಿ ಹತ್ತಿಸಬಾರದು ಅಂತ ಹೆಡ್ ಮಿಸ್ಸು ಹೇಳಿದಾರೆ. ನೀನೂ ರೇಟು ಬರೆದುಕೊಡು. ಆದ್ರೆ ಮೂರು ಕಂಪನಿ ಕೊಟೇಶನ್ ಇರ್ಬೇಕು, ಅದು ರೂಲು. ಯಾರದು ಕಮ್ಮಿಯೋ ಅವರಿಗೆ ಕೆಲಸ. ನನ್ನ ಮಗಳನ್ನ ಕೇಳ್ತಿದೀಯ ಅಂತ ನಾನು ಮುಲಾಜು ನೋಡೋನಲ್ಲ."

"ಉಳಿದ ಎರಡು ಕಂಪನಿ ಯಾವುದು ಸಾರ್?"

"ಈ ಸೆಕೊಂಡಿ ಊರಲ್ಲಿ ಕಿಟಕಿ ಒರೆಸೋರು ನಿನ್ನ ಬಿಟ್ಟು ನನಗ್ಯಾರೂ ಗೊತ್ತಿಲ್ಲ. ನಿನ್ನ ಕಸುಬಿನೋರು ನಿನಗೆ ಗೊತ್ತಿರ್ತಾರೆ, ನೀನೇ ಹೇಳಿಕಳಿಸು. ಒಂಬತ್ತಕ್ಕೆ ಮೂರೂ ನನ್ನ ಮೇಜಿನ ಮೇಲಿರ್ಲಿ."

ಕಿಟಕಿ ಒರೆಸುವವನು ಸೆಕೊಂಡಿಯಲ್ಲಿ ಇದ್ದದ್ದೇ ಒಬ್ಬ, ಅದು ಫೀಫಿ. ಆದರೆ ಈ ಕೆಲಸ ಅವನಿಗೆ ಸಿಗಲೇಬೇಕಿತ್ತು. ಬಕೆಟ್ಟು ಹಿಡಿದು ಬೀದಿ ಅಲೆಯುವವನಿಗೆ ಮಗಳು ಎಕುವಾಳನ್ನು ಕೊಡುವುದಿಲ್ಲ, ಯಾವುದಾದರೂ ಸಂಸ್ಥೆಯ ಮೊಹರು ಬಿದ್ದ ಕಾಗದ ತೋರಿಸಿದರೆ ಮಾತ್ರ ಹೆಣ್ಣು ಕೇಳುವ ಶಾಸ್ತ್ರಕ್ಕೆ ಬಾಗಿಲು ತಟ್ಟಲಿಕ್ಕೆ ಬಾ ಎಂದು ಡಾಡ್ಜಿಯವರು ಹೇಳಿ ತಿಂಗಳಾಗಿತ್ತು. ಬಾಗಿಲು ತಟ್ಟುವುದು ನಾಳೆ, ಶನಿವಾರ. ಹೆಣ್ಣಿನ ಮನೆಗೆ ಕೊಡಬೇಕಾದ ಎರಡು ಸೀಸೆ ಜಿನ್ನು ಫೀಫಿಯ ಮಂಚದ ಕೆಳಗೆ ಕೂತಿದ್ದವು. ಆಕ್ಸಿಮ್‌ನಿಂದ ಅವನ ತಾಯಿ ಆ ಸಂಜೆಯ ಬಸ್ಸಿಗೆ ಬರುವವಳಿದ್ದಳು. ಶುಕ್ರವಾರ ಹುಟ್ಟಿದವನಿಗೆ ಶುಕ್ರವಾರ ಕೆಟ್ಟದ್ದಾಗುವುದಿಲ್ಲ ಎಂದು ಅವಳು ಯಾವಾಗಲೂ ಹೇಳುತ್ತಿದ್ದಳು, ಪಾಪ.

ರೇಟು ಕಟ್ಟುವುದು ಫೀಫಿಗೆ ಕಷ್ಟವಾಗಲಿಲ್ಲ. ಎರಡು ಮಹಡಿ, ನಲವತ್ತೆಂಟು ಕಿಟಕಿ. ಎಲ್ಲವೂ ಅಡ್ಡಡ್ಡ ಗಾಜಿನ ಪಟ್ಟಿ ಜೋಡಿಸಿದ ಕಿಟಕಿಗಳು, ಒಂದೊಂದರಲ್ಲಿ ಹತ್ತು ಪಟ್ಟಿ. ಒಟ್ಟು ನಾನೂರ ಎಂಬತ್ತು. ಹಿಂದೆ ಮುಂದೆ ಒರೆಸಬೇಕು, ಅಲ್ಲಿಯ ನಾಣ್ಯದಲ್ಲಿ ಪಟ್ಟಿಗೆ ಎರಡು ಸೇಡಿಯಂತೆ ಒಂಬೈನೂರ ಅರವತ್ತು ಸೇಡಿ. ಇದಕ್ಕಿಂತ ಹೆಚ್ಚು ಬರೆಯುವ ಎರಡು ಕಂಪನಿ ಹುಟ್ಟಿಸಿಬಿಟ್ಟರೆ ಮುಗಿಯಿತು.

ಫೀಫಿಯ ಕೋಣೆಯ ಎಡಕ್ಕೆ ನ್ಯಾಮೆಕೆಯ ಕ್ಷೌರದಂಗಡಿ, ಬಲಕ್ಕೆ ಆರಬಕ್ಕನ ಕೆಂಕೆ ಅಂಗಡಿ. ಹುಳಿಬಂದ ಜೋಳದ ಹಿಟ್ಟನ್ನು ಬಾಳೆಲೆಯಲ್ಲಿ ಸುತ್ತಿ ಬೇಯಿಸಿ, ಕರಿದ ಮೀನಿನ ಜೊತೆ ಮಾರುವ ಆರಬಕ್ಕನ ಬಾಯಿಗೆ ಇಡೀ ಬೀದಿ ಹೆದರುತ್ತಿತ್ತು. ನ್ಯಾಮೆಕೆ ಸಾವಿರದ ಮುನ್ನೂರು ಎಂದು ಬರೆದು 'ದೇವರ ಕಣ್ಣು ಕ್ಲೀನಿಂಗ್' ಎಂದು ಸಹಿ ಹಾಕಿದ. ಆರಬಕ್ಕ ಮಾತ್ರ ಸಾವಿರದ ಇನ್ನೂರು ಎಂದು ಕೇಳಿ ಸೊಂಟದ ಮೇಲೆ ಕೈಯಿಟ್ಟಳು.

"ಗಾಜು ಒರ್ಸಕ್ಕೆ ಸಾವಿರದ ಇನ್ನೂರಾ? ಅಷ್ಟಕ್ಕೆ ಹೊಸ ಗಾಜೇ ಹಾಕಿಸ್ಬೋದಲ್ಲೋ!"

"ಅಕ್ಕಾ, ನಿಂಗೆ ಕೆಲಸ ಸಿಗಬಾರ್ದು ಅಂತಾನೇ ಬರೀತಿರೋದು."

"ಸಿಗಬಾರ್ದು ಅಂತ ಯಾರಾದ್ರೂ ಅಂಗಡಿ ತೆಗೀತಾರೇನೋ?" ಎಂದು ಗೊಣಗುತ್ತಲೇ ಅವಳು ಮೀನಿನ ಬುಟ್ಟಿಯ ಮೇಲೆ ಕಾಗದವಿಟ್ಟು 'ತಾಳಿದವಳು ಬಾಳಿಯಾಳು ಎಂಟರ್‌ಪ್ರೈಸಸ್' ಎಂದು ಬರೆದಳು. ಮೂರು ಕಾಗದಗಳೂ ಸ್ವಲ್ಪ ಹೊತ್ತು ಅದೇ ಬುಟ್ಟಿಯ ಮೇಲಿದ್ದವು.

ಹತ್ತೂವರೆಗೆ ಮತ್ತೆ ಫೋನು. "ಫೀಫಿ, ಮೂರೂ ಕೊಟೇಶನ್ ಬಂತು. ಆದ್ರೆ ಮೂರೂ ಕಂಪನಿ ಮೀನಿನ ವಾಸನೆ ಹೊಡೀತಿದೆಯಲ್ಲ, ಯಾಕೆ?"

ಫೀಫಿ ಫೋನು ಹಿಡಿದೇ ಆರಬಕ್ಕನ ಬುಟ್ಟಿಯ ಕಡೆ ನೋಡಿದ.

"ಕಾಗದ ನಂಬೋನಲ್ಲ ನಾನು. ಹನ್ನೆರಡಕ್ಕೆ ಮೂರೂ ಮಾಲೀಕರು ಖುದ್ದಾಗಿ ಬರ್ಲಿ. ಸುಳ್ಳು ಪಳ್ಳು ಅಂತ ಗೊತ್ತಾದ್ರೆ ಮಗಳ ಮಾತು ಮರೆತುಬಿಡು."

ಹನ್ನೆರಡಕ್ಕೆ ಸರಿಯಾಗಿ ಪರಸ್ಪರ ಪೈಪೋಟಿಯ ಮೂರು ಕಂಪನಿಗಳು ಒಂದೇ ಟ್ಯಾಕ್ಸಿಯಿಂದ, ಒಂದೇ ಏಣಿ ಹಿಡಿದುಕೊಂಡು ಇಳಿದವು. ಬೇರೆ ಬೇರೆ ಬರೋಣ ಎಂದು ಫೀಫಿ ಬೇಡಿಕೊಂಡಿದ್ದ. ಮೂರು ಟ್ಯಾಕ್ಸಿಯ ದುಡ್ಡು ದಂಡ ಮಾಡುವುದಕ್ಕೆ ಆರಬಕ್ಕ ಒಪ್ಪಿರಲಿಲ್ಲ. ಡಾಡ್ಜಿಯವರು ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ನೋಡಿದರು. ಮೊದಲು ನ್ಯಾಮೆಕೆಯನ್ನು ಕರೆದರು.

"ಸಾವಿರದ ಮುನ್ನೂರು ಹೇಗಾಯ್ತು, ವಿವರಿಸಿ."

"ಹಿಂದೆ ಮುಂದೆ ಒಂದು ರೇಟು ಸಾರ್, ಎರಡು ಪಕ್ಕಕ್ಕೆ ಬೇರೆ," ಎಂದು ನ್ಯಾಮೆಕೆ ಸುಲಲಿತವಾಗಿ ಶುರು ಮಾಡಿದ. "ಮಕ್ಕಳಿಗೆ ಅರ್ಧ. ಕೊನೇಲಿ ಕುತ್ತಿಗೆಗೆ ಪೌಡರ್ ಹಾಕಿ ಕೊಡ್ತೀವಿ."

"ಕಿಟಕಿಗೆ?"

"ಕಿಟಕಿಗೂ ಹಾಕ್ತೀವಿ ಸಾರ್."

ಡಾಡ್ಜಿಯವರು ಕನ್ನಡಕ ತೆಗೆದು ಒರೆಸಿಕೊಂಡರು. "ನಿಮ್ಮ ಮೂರೂ ಜನಕ್ಕೆ ಏನು ಸಂಬಂಧ? ನಿಜ ಹೇಳಿ."

 ಎಕುವಾ ಕೈತಪ್ಪಿ ಹೋದಳು ಎಂದೇ ಫೀಫಿ ಅಂದುಕೊಂಡ. ಅಷ್ಟರಲ್ಲಿ ಆರಬಕ್ಕ ಅವನ ತಲೆಯನ್ನು ಎಳೆದು ಎದೆಗೊತ್ತಿಕೊಂಡಳು.

"ಇವ್ನು ನನ್ನ ಹೊಟ್ಟೇಲಿ ಹುಟ್ಟಿದ ಮಗ ಸಾರ್! ಒಂದೇ ಅಡುಗೆಮನೆ, ಅದಕ್ಕೇ ಮೀನಿನ ವಾಸನೆ. ಮನೇಲಿ ತಾಯಿ ಮಗ, ವ್ಯಾಪಾರದಲ್ಲಿ ಅವನ ಕಂಪನಿ ಬೇರೆ, ನಂದು ಬೇರೆ."

"ಈ ಕ್ಷೌ... ಈ ಸಾಹೇಬರು?"

"ಅವ್ನು ಬಾಡಿಗೆಗಿದಾನೆ."

ಡಾಡ್ಜಿಯವರ ಹುಬ್ಬು ಕೆಳಗಿಳಿಯಿತು. ಫೀಫಿಗೆ ಹೋದ ಜೀವ ಬಂದಂತಾಯಿತು. ಅಲ್ಲಿಗೇ ನಿಂತಿದ್ದರೆ ಎಲ್ಲ ಸುಸೂತ್ರವಾಗುತ್ತಿತ್ತು. ಆದರೆ ಡಾಡ್ಜಿಯವರು ಕಾಗದಗಳನ್ನು ಮಡಚುತ್ತಾ, "ಒಂಬೈನೂರ ಅರವತ್ತೇ ಕಮ್ಮಿ. ಆದ್ರೂ ಜಾಸ್ತಿಯಾಯ್ತು ಬಿಡಿ," ಎಂದುಬಿಟ್ಟರು.

ಇಪ್ಪತ್ತೈದು ವರ್ಷ ಕೆಂಕೆ ಮಾರಿದ ಹೆಂಗಸಿನ ಮುಂದೆ ಆಡಬಾರದ ಮಾತು ಅದು. ಜಾಸ್ತಿಯಾಯ್ತು ಎಂದು ಗಿರಾಕಿ ತಿರುಗಿದ ಕೂಡಲೇ ಪಕ್ಕದಂಗಡಿಯವಳಿಗಿಂತ ಮೊದಲು ಬಾಯಿ ತೆರೆಯುವುದು ಅವಳ ರಕ್ತದಲ್ಲೇ ಬಂದುಬಿಟ್ಟಿತ್ತು.

"ಒಂಬೈನೂರಕ್ಕೆ ನಾನು ಮಾಡ್ಕೊಡ್ತೀನಿ ಸಾರ್!"

ಫೀಫಿ ಅವಳ ಕಾಲು ತುಳಿದ. ಉಪಯೋಗವಾಗಲಿಲ್ಲ. ಬೇರೆ ದಾರಿ ಕಾಣದೆ ತಾನೇ ಇಳಿದ. "ಎಂಟುನೂರ ಐವತ್ತು!"

"ಎಂಟುನೂರು!"

"ಅಕ್ಕಾ... ಅಮ್ಮಾ, ಸುಮ್ನಿರೇ! ಏಳುನೂರ ಐವತ್ತು!"

"ಏಳುನೂರು! ಮೇಲೆ ಕೊಸರು, ಹೆಡ್ ಮಿಸ್ಸಿನ ರೂಮು ಪುಕ್ಕಟೆ! ಕಾಲು ಬಿಡೋ, ವ್ಯಾಪಾರ ಮಾಡ್ತಿದೀನಿ!"

ಕೊಸರು ಎಂದ ಮೇಲೆ ಮಾತು ಮುಗಿಯಿತು. ಡಾಡ್ಜಿಯವರು ಮೊಹರು ತೆಗೆದು ಠಪ್ಪೆಂದು ಒತ್ತಿದರು. 'ತಾಳಿದವಳು ಬಾಳಿಯಾಳು ಎಂಟರ್‌ಪ್ರೈಸಸ್' ಹೆಸರಿಗೆ ಕೆಲಸದ ಪತ್ರ ಸಿಕ್ಕಿತು. ಅವರ ಕಣ್ಣು ಒದ್ದೆಯಾಗಿತ್ತು.

"ಹೆತ್ತ ಮಗನಿಗೂ ಮುಲಾಜು ನೋಡದ ಹೆಂಗಸು. ಮೂವತ್ತು ವರ್ಷದ ಸರ್ವೀಸಿನಲ್ಲಿ ಇಂಥ ಪ್ರಾಮಾಣಿಕತೆ ನಾನು ಕಂಡಿಲ್ಲ ತಾಯಿ," ಎಂದರು. ಆಮೇಲೆ ಯಾಕೋ ಕೆಮ್ಮಿ, ತಾಯಿ ಅನ್ನುವುದನ್ನು ಬಿಟ್ಟು ಇನ್ನೊಮ್ಮೆ ಅದನ್ನೇ ಹೇಳಿದರು. ಅದನ್ನು ಫೀಫಿ ಗಮನಿಸಲಿಲ್ಲ.

ಮಧ್ಯಾಹ್ನವೆಲ್ಲ ಫೀಫಿ ಅಂಗಡಿಯ ಮುಂದೆ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಆರಬಕ್ಕ ಸಮಾಧಾನ ಮಾಡಿದಳು. "ಪತ್ರ ನಂದಾದ್ರೇನು, ಕೆಲಸ ನಿಂದೇ. ನಾನೂರು ನಿನಗೆ, ಮುನ್ನೂರು ನನಗೆ. ಬಾಯಿ ಆಡ್ಸಿದ್ದು ನಾನಲ್ವಾ?"

"ದುಡ್ಡು ಹಾಳಾಗ್ಲಿ ಅಕ್ಕಾ. ಎಕುವಾನ ಯಾರು ಕೊಡ್ತಾರೆ?"

"ಮನಸ್ಸು ಕರಗಿದೆ ಕಣೋ ಆ ಮನುಷ್ಯಂದು, ನಾನೇ ನೋಡಿದೆ. ಕೊಟ್ಟೇ ಕೊಡ್ತಾರೆ."

ಐದು ಗಂಟೆಗೆ ಡಾಡ್ಜಿಯವರು ನಿಜವಾಗಿಯೂ ಬಂದರು. ಭುಜದ ಮೇಲೆ ಹಬ್ಬಕ್ಕೆ ಹೊದೆಯುವ ಬಟ್ಟೆ, ಮೈಗೆಲ್ಲ ಅತ್ತರು. ಹಿಂದೆ ಎಕುವಾ, ಮುಖ ಊದಿಸಿಕೊಂಡು. ಫೀಫಿ ಎದ್ದು ಬೆಂಚು ಒರೆಸಿದ. ಅವನ ಮನಸ್ಸು ಆಗಲೇ ಮಂಚದ ಕೆಳಗಿನ ಸೀಸೆಗಳ ಹತ್ತಿರ ಕುಣಿಯುತ್ತಿತ್ತು.

"ಫೀಫಿ, ಮನೆಗೊಬ್ಬ ಗಂಡುಮಗ ನೀನು. ಮೊದಲು ನಿನಗೇ ಹೇಳ್ಬೇಕು," ಎಂದು ಡಾಡ್ಜಿಯವರು ಗಂಟಲು ಸರಿಮಾಡಿಕೊಂಡರು. "ನನ್ನ ಹೆಂಡತಿ ಹೋಗಿ ಆರು ವರ್ಷವಾಯ್ತು. ನಾಳೆ ನೀನು ನನ್ನ ಬಾಗಿಲು ತಟ್ಟೋದು ಬೇಡ. ನಾನೇ ಎರಡು ಸೀಸೆ ತಂದು ನಿಮ್ಮ ಬಾಗಿಲು ತಟ್ತೀನಿ. ನಿಮ್ಮ ತಾಯಿಯನ್ನ ಕೇಳೋದಕ್ಕೆ."

ಫೀಫಿ ಎಕುವಾಳ ಕಡೆ ಕೈ ತೋರಿಸಿದ. "ಸಾರ್... ಎಕುವಾ?"

"ಅದನ್ನೂ ಯೋಚನೆ ಮಾಡಿದೆ. ನಿಮ್ಮ ತಾಯಿ ನನ್ನ ಹೆಂಡತಿಯಾದ ಮೇಲೆ ನೀನು ನನ್ನ ಮಗ. ಎಕುವಾ ನಿನ್ನ ತಂಗಿ. ನಮ್ಮ ಮನೆ ಸೇರ್ಬೇಕು ಅಂತಿದ್ದೆಯಲ್ಲ, ತೆರ ಕೊಡದೇ ಸೇರಿದೆ ನೋಡು!"

ಫೀಫಿ ಆರಬಕ್ಕನ ಕಡೆ ನೋಡಿದ. ಅವಳು ಹಿಟ್ಟು ಕಲಸುತ್ತಾ ತಲೆ ತಗ್ಗಿಸಿ ನಗುತ್ತಿದ್ದಳು.

"ಅಕ್ಕಾ... ಅಮ್ಮಾ, ಏನಾದ್ರೂ ಹೇಳೇ!"

"ನಾನೇನು ಹೇಳ್ಲಿ ಮಗಾ. ಅವರಾಗೇ ಕೇಳ್ಕೊಂಡು ಬಂದಿದಾರೆ. ಇದರಲ್ಲೆಲ್ಲ ಚೌಕಾಸಿ ಮಾಡ್ತಾರಾ?"

ಬೆಳಗಿನಿಂದ ಅವಳು ಚೌಕಾಸಿ ಬಿಟ್ಟುಕೊಟ್ಟದ್ದು ಅದೊಂದೇ ಸಲ. ಫೀಫಿ ಲೆಕ್ಕ ಹಾಕಿದ. ಇವಳು ನನ್ನ ತಾಯಿಯಲ್ಲ ಎಂದರೆ ಮೂರೂ ಕೊಟೇಶನ್ ಸುಳ್ಳೆಂದು ಒಪ್ಪಿಕೊಂಡ ಹಾಗೆ, ಸುಳ್ಳುಗಾರನಿಗೆ ಈ ಮನುಷ್ಯ ಹೆಣ್ಣು ಕೊಡುವುದಿಲ್ಲ. ತಾಯಿ ಎಂದರೆ ಎಕುವಾ ತಂಗಿ. ಎರಡು ಕಡೆಯಿಂದಲೂ ಒರೆಸಿ ನೋಡಿದ, ಎರಡೂ ಕಡೆ ಒಂದೇ ಕಾಣಿಸಿತು.

ಎಕುವಾ ಮಾತ್ರ ಅವನನ್ನೇ ನೋಡುತ್ತಿದ್ದಳು. ಆರಬಕ್ಕ ಯಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇದೇ ಬೆಂಚಿನ ಮೇಲೆ ಫೀಫಿಯ ಜೊತೆ ಕೂತು ಅದೆಷ್ಟು ಕೆಂಕೆ ತಿಂದಿದ್ದಳೋ. ಈಗಲಾದರೂ ನಿಜ ಹೇಳುತ್ತಾನೆಯೇ ಎಂದು ಅವಳು ಕಾದಳು. ಫೀಫಿ ಡಾಡ್ಜಿಯವರ ಕಡೆ ತಿರುಗಿದ.

"ನಾಳೆ ಎಷ್ಟು ಗಂಟೆಗೆ ಬರ್ತೀರಾ... ಅಪ್ಪಾ?" ಎಂದ.

ಆಗಲೇ ಬೆಂಚಿನ ಮೇಲಿದ್ದ ಅವನ ಫೋನು ಬಡಿದುಕೊಂಡಿತು. ಫೀಫಿ ಕೈ ಚಾಚುವುದರೊಳಗೆ ಎಕುವಾ ಅದನ್ನು ಎತ್ತಿಕೊಂಡು, ಪರದೆಯ ಮೇಲಿನ ಹೆಸರನ್ನು ನಿಧಾನವಾಗಿ ಓದಿದಳು. ಆಮೇಲೆ ಡಾಡ್ಜಿಯವರಿಗೂ ಕೇಳುವ ಹಾಗೆ, ತುಂಬಾ ಸಿಹಿಯಾಗಿ ಹೇಳಿದಳು.

"ಅಣ್ಣಾ, ನಿಮ್ಮಮ್ಮನ ಫೋನು. ಬಸ್ ಸ್ಟಾಂಡಿಗೆ ಬಂದಿಳಿದ್ರೇನೋ. ನಾನೇ ಮಾತಾಡ್ಲಾ?"

ಡಾಡ್ಜಿಯವರು ಮೆಲ್ಲಗೆ ಆರಬಕ್ಕನ ಕಡೆ ತಿರುಗಿದರು. ಅವಳ ಎರಡು ಕೈಗಳೂ ಮೊಣಕೈವರೆಗೆ ಹಿಟ್ಟಿನಲ್ಲಿದ್ದವು.