ಮ್ಯಾನೇಜರ್ ಕರೆಸಿದ ಪ್ರವಾಸಿಗರು

ಎಲ್ಲ ರಾದ್ಧಾಂತಕ್ಕೂ ಮೂಲ ಒಂದು ಫೋನ್ ಕರೆ. ಬೆಳಗಿನ ಚಹಾ ಇನ್ನೂ ಗಂಟಲಿಗೆ ಇಳಿದಿರಲಿಲ್ಲ, ಆಗಲೇ ಮ್ಯಾನೇಜರ್ ಮನೆಯ ಫೋನು ಬಡಿದುಕೊಂಡಿತು.

ಮ್ಯಾನೇಜರ್ ಎಂದರೆ ಯಾವ ಬ್ಯಾಂಕಿಗೂ ಮ್ಯಾನೇಜರಲ್ಲ. ಸರೋವರದ ದಂಡೆಯ ಆ ಸಣ್ಣ ಊರಿಗೆ ಇವತ್ತಲ್ಲ ನಾಳೆ ಪ್ರವಾಸಿಗರು ನುಗ್ಗಿ ಬರುತ್ತಾರೆಂದು ನಂಬಿ, ಮನೆಯ ಮೇಲೆ ಎರಡು ಕೋಣೆ ಕಟ್ಟಿಸಿ, ಬಾಗಿಲಿಗೆ ‘ವಸತಿಗೃಹ’ ಎಂದು ಬೋರ್ಡು ತಗುಲಿಹಾಕಿದ ಪುಣ್ಯಾತ್ಮ. ಇದುವರೆಗೆ ಆ ಮೆಟ್ಟಿಲು ಹತ್ತಿದ ಗಿರಾಕಿ ಒಬ್ಬನೇ. ಅವನೂ ದಾರಿ ಕೇಳಲು ಬಂದವನು, ಮಳೆ ನಿಲ್ಲುವವರೆಗೆ ಕೂತಿದ್ದು ಹೊರಟುಹೋದ. ಆವತ್ತಿನಿಂದ ಊರಿನವರು ಈ ಪುಣ್ಯಾತ್ಮನನ್ನು ಮ್ಯಾನೇಜರ್ ಎಂದೇ ಕರೆಯತೊಡಗಿದರು. ಅಷ್ಟರಮಟ್ಟಿಗೆ ಊರಿನವರು ಉದಾರಿಗಳು.

ಹೆಂಡತಿಯ ತಾಳ್ಮೆ ಮಾತ್ರ ಮುಗಿಯುತ್ತ ಬಂದಿತ್ತು. “ಈ ಸೀಸನ್ನಲ್ಲೂ ಯಾರೂ ಬರಲಿಲ್ಲ ಅಂದ್ರೆ ಆ ಎರಡೂ ಕೋಣೆ ನನ್ನ ತಮ್ಮನಿಗೆ. ಪಾಪ, ಬಾಡಿಗೆ ಮನೇಲಿ ಉಸಿರು ಕಟ್ಕೊಂಡು ಇದ್ದಾನೆ” ಎಂದು ಆಕೆ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದಳು. ಭಾಮೈದ ಕೆಟ್ಟವನೇನಲ್ಲ. ಆದರೆ ಅವನು ಕ್ಲಾರಿಯೊನೆಟ್ ಕಲಿಯುತ್ತಿದ್ದ. ಕಲಿಯಲು ಹಿಡಿದು ವರ್ಷಗಳೇ ಕಳೆದಿದ್ದರೂ ಇನ್ನೂ ಕಲಿಯುತ್ತಲೇ ಇದ್ದ, ಅದೂ ನಸುಕಿನಲ್ಲಿ. ಅವನು ಊದಲು ಶುರುಮಾಡಿದರೆ ಅವನ ಎರಡು ನಾಯಿಗಳು ಶ್ರುತಿ ಹಿಡಿಯುತ್ತಿದ್ದವು. ಅದನ್ನು ನೆನೆದರೇ ಮ್ಯಾನೇಜರ್ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದ.

ಪೇಟೆಯಿಂದ ನೇರ ಬಸ್ಸೊಂದು ಬಂದರೆ ಗಿರಾಕಿಗಳು ಬಂದಾರು, ಭಾಮೈದ ತಪ್ಪಿಯಾನು ಎಂಬ ಆಸೆಯಿಂದ ಅವನು ಪ್ರವಾಸೋದ್ಯಮ ಇಲಾಖೆಗೆ ಕಾಡಿ ಬೇಡಿ ಅರ್ಜಿ ಹಾಕಿದ್ದ. ಫೋನು ಅಲ್ಲಿಂದಲೇ.

“ಬಸ್ಸು ಕೇಳಿದ್ದು ನೀವೇನಾ? ನಿಮ್ಮೂರಲ್ಲಿ ಪ್ರವಾಸೋದ್ಯಮ ಎಷ್ಟು ಬೆಳೆದಿದೆ, ಅದರ ಪರಿಣಾಮ ಏನು ಅಂತ ನೋಡಿ ತೀರ್ಮಾನ ಮಾಡ್ತೀವಿ. ಮೇಡಂ ಆಗ್ಲೇ ಹೊರಟಿದ್ದಾರೆ.”

ಮ್ಯಾನೇಜರ್ ಚಪ್ಪಲಿ ಮೆಟ್ಟಿಕೊಂಡು ಎದುರಿನ ಕ್ಷೌರದಂಗಡಿಗೆ ಓಡಿದ. ಅದೇ ಅವನು ಮಾಡಿದ ತಪ್ಪು. ಆ ಅಂಗಡಿಯಲ್ಲಿ ಸಲಹೆ ಕೇಳದವರಿಗೂ ಸಲಹೆ ಸಿಗುತ್ತಿತ್ತು, ಕೇಳಿದವರ ಗತಿ ಹೇಳಬೇಕಾಗಿಲ್ಲ.

“ಬೆಳವಣಿಗೆ ಅಂತೆ! ಎಲ್ಲಿಂದ ತರಲಿ ಮಾರಾಯ?” ಎಂದ ಮ್ಯಾನೇಜರ್.

ಕ್ಷೌರಿಕ ಕತ್ತರಿ ಕೆಳಗಿಟ್ಟ. “ಪ್ರವಾಸಿ ಅಂದ್ರೆ ಯಾರು? ತಲೆ ಮೇಲೊಂದು ಟೋಪಿ, ಕಣ್ಣಿಗೊಂದು ಕಪ್ಪು ಕನ್ನಡಕ. ಕಂಡದ್ದಕ್ಕೆಲ್ಲ ಬೆರಳು ತೋರಿಸ್ತಾ ದಾರಿ ಮಧ್ಯದಲ್ಲೇ ನಿಂತ್ಕೊಳ್ಳೋನು. ಅಷ್ಟು ನಮಗೆ ಬರಲ್ವಾ?”

ಕುರ್ಚಿಯಲ್ಲಿ ಅರ್ಧ ಕ್ಷೌರವಾಗಿ ಕೂತಿದ್ದ ನಿವೃತ್ತ ಡ್ರಿಲ್ ಮಾಸ್ತರು ಬಟ್ಟೆ ಕಿತ್ತೊಗೆದು ಎದ್ದರು. “ನನಗೆ ಬಿಡಿ. ಈ ಊರನ್ನ ಶಿಸ್ತಾಗಿ ಪ್ರವಾಸಿಗರನ್ನಾಗಿ ಮಾಡ್ತೀನಿ!” ಎಂದು ಜೇಬಿನಿಂದ ಸೀಟಿ ತೆಗೆದರು.

ಅರ್ಧ ಜನ ಪ್ರವಾಸಿಗರು, ಅರ್ಧ ಜನ ಊರಿನವರು ಎಂಬುದು ಮ್ಯಾನೇಜರನ ಲೆಕ್ಕ. ಆದರೆ ಊರಿನವರಾಗಲು ಯಾರೂ ಒಪ್ಪಲಿಲ್ಲ. ಚಹಾದಂಗಡಿಯಾಕೆಯಂತೂ ಸೊಂಟಕ್ಕೆ ಕೈಯಿಟ್ಟು ನಿಂತಳು. “ಹುಟ್ಟಿದಾಗಿಂದ ಊರಿನೋಳಾಗೇ ಇದ್ದೀನಿ. ಸರೋವರದ ಕಡೆ ಮುಖ ಮಾಡಿ ಒಂದು ದಿನ ಸುಮ್ನೆ ಕೂತಿಲ್ಲ. ಇವತ್ತು ನಾನು ಪ್ರವಾಸಿ, ಅಷ್ಟೇ” ಎಂದು ಅಂಗಡಿಯ ಬೀಗದ ಕೈಯನ್ನು ಅವನ ಕೈಗೆ ತುರುಕಿದಳು. ಕ್ಷೌರಿಕನೂ ತನ್ನದನ್ನು ಕೊಟ್ಟ, ದೋಣಿಯವನು ಹುಟ್ಟನ್ನೇ ಕೊಟ್ಟುಹೋದ. ಇಲಾಖೆಯ ಜೀಪು ಬಂದು ನಿಂತಾಗ ಊರಿನಲ್ಲಿ ಊರಿನವನು ಎಂದು ಉಳಿದವನು ಮ್ಯಾನೇಜರ್ ಒಬ್ಬನೇ.

ಜೀಪಿನಿಂದ ಇಳಿದ ಅಧಿಕಾರಿಣಿ ದಂಡೆಯತ್ತ ನೋಡಿ ದಂಗಾದರು. ಎಲ್ಲಿ ನೋಡಿದರೂ ಟೋಪಿಗಳು. ಡ್ರಿಲ್ ಮಾಸ್ತರು ಒಂದು ಗುಂಪಿಗೆ ಮೊಳಕಾಲು ಎತ್ತಿಸುತ್ತ ‘ಸಾಹಸ ಕ್ರೀಡೆ’ ನಡೆಸುತ್ತಿದ್ದರು. ಕಿರಾಣಿಯವನು ತನ್ನದೇ ಅಂಗಡಿಯ ಮುಚ್ಚಿದ ಬಾಗಿಲನ್ನು ಬಗೆಬಗೆಯಾಗಿ ಫೋಟೋ ತೆಗೆಯುತ್ತಿದ್ದ.

“ನೀವು ಎಲ್ಲಿಂದ ಬಂದ್ರಿ?” ಎಂದು ಅಧಿಕಾರಿಣಿ ಕ್ಷೌರಿಕನನ್ನು ಕೇಳಿದರು.

“ತುಂಬಾ ದೂರದಿಂದ ಮೇಡಂ. ಎಷ್ಟು ದೂರ ಅಂದ್ರೆ ಹೊರಟ ಊರೇ ಮರೆತುಹೋಗಿದೆ.”

“ಉಳ್ಕೊಂಡಿರೋದು?”

“ಮ್ಯಾನೇಜರ್ ಲಾಡ್ಜಲ್ಲಿ. ನಾವೆಲ್ಲ ಅಲ್ಲೇ.”

“ಎಲ್ಲರೂ? ಅರ್ಜೀಲಿ ಎರಡೇ ಕೋಣೆ ಅಂತಿತ್ತಲ್ಲ?”

“ಮಲಗೋದಕ್ಕೆ ಯಾರು ಬಂದಿದ್ದಾರೆ ಮೇಡಂ? ನೋಡೋದಕ್ಕೇ ಪುರಸೊತ್ತಿಲ್ಲ” ಎಂದ ಕ್ಷೌರಿಕ, ಒಂದು ವಿದ್ಯುತ್ ಕಂಬದತ್ತ ಬೆರಳು ತೋರಿಸಿ ಬಾಯಿ ತೆರೆದು ನಿಂತ.

ಅಧಿಕಾರಿಣಿಗೆ ಚಹಾ ಬೇಕೆನಿಸಿತು. ಮ್ಯಾನೇಜರ್ ಹಿಂಬಾಗಿಲಿನಿಂದ ಚಹಾದಂಗಡಿಗೆ ನುಗ್ಗಿ ಒಲೆ ಹೊತ್ತಿಸಿದ. ಸಕ್ಕರೆ ಯಾವ ಡಬ್ಬಿಯಲ್ಲಿದೆಯೋ ತಿಳಿಯದೆ ಎಲ್ಲದರಿಂದಲೂ ಚೂರು ಚೂರು ಹಾಕಿದ. ಅಧಿಕಾರಿಣಿ ಮುಖ ಕಿವುಚದೆ ಗುಟುಕರಿಸಿದರು. ಪಕ್ಕದ ಮೇಜಿನಲ್ಲಿ ಬಂದು ಕೂತ ಚಹಾದಂಗಡಿಯಾಕೆ ಮಾತ್ರ ಥೂ ಎಂದು ಉಗಿದಳು. “ಇದು ಚಹಾನಾ, ಪಾತ್ರೆ ತೊಳೆದ ನೀರಾ? ಇಷ್ಟು ಒಳ್ಳೆ ಅಂಗಡಿ ಇಟ್ಕೊಂಡು ಹಿಂಗಾ ಮಾಡೋದು?” ಎಂದು ಮನಸಾರೆ ಬೈದಳು. ಜೀವಮಾನವಿಡೀ ಬೈಸಿಕೊಂಡವಳಿಗೆ ಬೈಯುವುದರ ರುಚಿ ಸಿಕ್ಕಿತ್ತು.

ಅಷ್ಟರಲ್ಲಿ ಜೀಪಿನ ಡ್ರೈವರ್ ಕ್ಷೌರದ ಕುರ್ಚಿಯಲ್ಲಿ ಹಾಯಾಗಿ ಒರಗಿಬಿಟ್ಟಿದ್ದ. ಮ್ಯಾನೇಜರ್ ಕೈ ಒರೆಸಿಕೊಳ್ಳುತ್ತ ಅಲ್ಲಿಗೆ ಹಾರಿದ. ಕಿಟಕಿಯಾಚೆ ನಿಂತ ಕ್ಷೌರಿಕ ಕತ್ತಿ ಹಿಡಿಯುವ ಕ್ರಮವನ್ನು ಗಾಳಿಯಲ್ಲೇ ತೋರಿಸುತ್ತಿದ್ದ. ಅದನ್ನು ನೋಡಲು ಮ್ಯಾನೇಜರ್ ಕತ್ತೆತ್ತಿದ್ದೇ ತಡ, ಡ್ರೈವರನ ಬಲ ಮೀಸೆ ಮಾಯವಾಯಿತು. ಸರಿದೂಗಿಸಲು ಎಡಗಡೆಯದನ್ನೂ ತೆಗೆಯುವಾಗ ಅಧಿಕಾರಿಣಿ ಬಾಗಿಲಲ್ಲಿ ನಿಂತಿದ್ದರು.

“ಇದೂ ನಿಮ್ದೇನಾ?”

“ಹೌದು ಮೇಡಂ. ಸದ್ಯಕ್ಕೆ.”

ಆಮೇಲೆ ದೋಣಿಯನ್ನೂ ಅವನೇ ನಡೆಸಿದ. ದೋಣಿ ಮುಂದಕ್ಕೆ ಹೋಗದೆ ಗಾಣದೆತ್ತಿನಂತೆ ಸುತ್ತಿತು. ಬೆವರು ಅವನ ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಆದರೂ ಮನಸ್ಸಿನಲ್ಲಿ ಬಸ್ಸಿನ ಹಾರ್ನು ಕೇಳುತ್ತಿತ್ತು. ಇಷ್ಟು ಬೆಳವಣಿಗೆ ನೋಡಿದ ಮೇಲೆ ಒಂದಲ್ಲ, ಎರಡು ಬಸ್ಸು ಕೊಟ್ಟಾರು!

“ನಿಮ್ಮೂರಿನೋರೆಲ್ಲ ಎಲ್ಲಿ?” ಎಂದು ಅಧಿಕಾರಿಣಿ ಮೆಲ್ಲಗೆ ಕೇಳಿದರು.

“ನಾನಿದ್ದೀನಲ್ಲ ಮೇಡಂ!” ಎಂದ ಮ್ಯಾನೇಜರ್ ಎದೆಯುಬ್ಬಿಸಿ.

ಕೊನೆಗೆ ಲಾಡ್ಜು. ಮೇಲಿನ ಕೋಣೆಯಲ್ಲಿ ಅವನ ಹೆಂಡತಿ ಕಪ್ಪು ಕನ್ನಡಕ ಹಾಕಿಕೊಂಡು, ಹಾಸಿಗೆಯ ಮೇಲೆ ಕಾಲು ಚಾಚಿ, ಗಿರಾಕಿಯಾಗಿ ವಿರಾಜಮಾನಳಾಗಿದ್ದಳು. ಬಾಗಿಲು ತೆರೆಯುತ್ತಲೇ ಗದರಿದಳು. “ಬಿಸಿನೀರು ಎಲ್ರೀ? ಎಷ್ಟು ಸಲ ಬೆಲ್ ಮಾಡೋದು?”

“ಇದೋ ತಂದೆ, ತಂದೆ” ಎಂದ ಮ್ಯಾನೇಜರ್. ಆ ಉತ್ತರ ಅವನಿಗೆ ಅಭ್ಯಾಸವಾಗಿತ್ತು.

“ವ್ಯವಸ್ಥೆ ಹೇಗಿದೆ?” ಎಂದು ಅಧಿಕಾರಿಣಿ ಕೇಳಿದರು.

“ಕೋಣೆ ಪರವಾಗಿಲ್ಲ. ಮಾಲೀಕ ಗೊರಕೆ ಹೊಡೀತಾನೆ.”

“ನಿಮಗೆ ಹೇಗೆ ಗೊತ್ತಾಯ್ತು?”

“ಗೋಡೆ ತೆಳು” ಎಂದಳು ಹೆಂಡತಿ, ಕಣ್ಣು ಮಿಟುಕಿಸದೆ.

ಅಧಿಕಾರಿಣಿ ಮ್ಯಾನೇಜರನತ್ತ ತಿರುಗಿದರು. “ನಿಮ್ಮ ಮನೆಯವರು? ಅವರೂ ಬಿಟ್ಟು ಹೋದ್ರಾ?”

ಮ್ಯಾನೇಜರ್ ಹೆಂಡತಿಯ ಮುಖ ನೋಡಿದ. ಆಕೆ ಛಾವಣಿ ನೋಡುತ್ತಿದ್ದಳು. ಬೇರೆ ದಾರಿ ಕಾಣದೆ ಅವನು ಹೂಂ ಎಂದು ತಲೆ ಆಡಿಸಿದ. ಅಧಿಕಾರಿಣಿ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡು, ಲಾಡ್ಜಿನ ಮುಂದೆ ಎಲ್ಲರನ್ನೂ ಸೇರಿಸಲು ಹೇಳಿದರು. ಸೀಟಿ ಊದಿದ್ದೇ ಟೋಪಿಗಳೆಲ್ಲ ಸಾಲಾಗಿ ನಿಂತವು. ಮ್ಯಾನೇಜರ್ ಅಂಗಿಯ ಗುಂಡಿ ಹಾಕಿಕೊಂಡು ಸಿದ್ಧನಾದ. ಬಸ್ಸು ಇನ್ನೇನು ಬಂದೇಬಿಟ್ಟಿತು!

“ಇಪ್ಪತ್ತು ಊರು ನೋಡಿದ್ದೀನಿ” ಎಂದು ಅಧಿಕಾರಿಣಿ ಶುರುಮಾಡಿದರು. “ಪ್ರವಾಸೋದ್ಯಮ ಒಂದು ಊರನ್ನ ಹಿಂಗೆ ನುಂಗಿದ್ದು ಎಲ್ಲೂ ನೋಡಿಲ್ಲ. ನಿಮ್ಮ ಹಾವಳಿ ತಡೀಲಾರದೆ ಇಲ್ಲಿನ ಜನ ಎಲ್ಲ ಮನೆ ಬಿಟ್ಟು ಹೋಗಿದ್ದಾರೆ. ಉಳಿದಿರೋದು ಈ ಬಡಪಾಯಿ ಒಬ್ಬರೇ. ಚಹಾ ಕಾಯಿಸೋರು ಇವರೇ, ಕ್ಷೌರ ಮಾಡೋರು ಇವರೇ, ಹುಟ್ಟು ಹಾಕೋರು ಇವರೇ. ಕಟ್ಕೊಂಡ ಹೆಂಡ್ತಿ ಕೂಡ ಇಲ್ಲಿ ನಿಲ್ಲಲಿಲ್ಲ!”

ಮ್ಯಾನೇಜರ್ ಒಂದು ಹೆಜ್ಜೆ ಮುಂದೆ ಬಂದ. “ಮೇಡಂ, ಅದು... ಇವರೆಲ್ಲ...” ಎನ್ನುವಷ್ಟರಲ್ಲಿ ಕ್ಷೌರಿಕ ಅವನ ಕಾಲನ್ನು ಬಲವಾಗಿ ತುಳಿದ. ಸರಕಾರಕ್ಕೆ ಸುಳ್ಳು ತೋರಿಸಿದ್ದು ಗೊತ್ತಾದರೆ ಇಡೀ ಊರಿಗೆ ಕುತ್ತು.

“ಹೆದರಬೇಡಿ, ಇವರು ನಿಮಗೇನೂ ಮಾಡಲ್ಲ” ಎಂದು ಅಧಿಕಾರಿಣಿ ಅವನ ಬೆನ್ನು ತಟ್ಟಿದರು. “ಬಸ್ಸಿನ ಮಾತೇ ಬೇಡ. ಇವತ್ತಿನಿಂದ ಈ ಊರಲ್ಲಿ ಪ್ರವಾಸಿಗರಿಗೆ ಕೋಣೆ ಕೊಡೋ ಹಾಗಿಲ್ಲ. ಆ ಎರಡು ಕೋಣೆಗೂ ಖಾಯಂ ಆಗಿ ನೆಲೆಸೋ ಸಂಸಾರಾನ ತರಬೇಕು. ಊರಿಗೆ ಮತ್ತೆ ಜೀವ ಬರಬೇಕು. ಯಾರಾದ್ರೂ ಇದ್ದಾರಾ?”

ಸಾಲಿನ ತುದಿಯಲ್ಲಿ ಒಂದು ಕೈ ಮೇಲೆದ್ದಿತು. ಕಪ್ಪು ಕನ್ನಡಕದ ಕೆಳಗೆ ಹೆಂಡತಿಯ ಮುಖ ಅರಳಿತ್ತು.

“ನಾನು ಬರೀ ಪ್ರವಾಸಿ ಮೇಡಂ. ಆದ್ರೆ ನನ್ನ ತಮ್ಮ ಒಬ್ಬ ಇದ್ದಾನೆ. ಇಂಥ ಕಡೆ ನೆಲೆಸೋಕೆ ಅಂತಾನೇ ಕಾಯ್ತಿದ್ದಾನೆ. ಹೆಂಡ್ತಿ, ಮಕ್ಕಳು, ಎರಡು ನಾಯಿ, ತುಂಬಿದ ಮನೆ. ಸಂಗೀತಾನೂ ಬರುತ್ತೆ.”

“ಸಂಗೀತ!” ಅಧಿಕಾರಿಣಿಯ ಕಣ್ಣು ಹೊಳೆಯಿತು. “ನಾಳೇನೇ ಬರಲಿ. ಸಾಮಾನಿಗೆ ಇಲಾಖೆ ಗಾಡಿ ಕಳಿಸ್ತೀನಿ.”

ಪ್ರವಾಸಿಗರೆಲ್ಲ ಕೂಡಲೇ ಊರು ಖಾಲಿ ಮಾಡಬೇಕೆಂದು ಅಪ್ಪಣೆಯಾಯಿತು. ಡ್ರಿಲ್ ಮಾಸ್ತರು ಇಡೀ ಊರನ್ನು ಎಡ, ಬಲ ಎನ್ನುತ್ತ ಊರಾಚೆಗೆ ನಡೆಸಿಕೊಂಡು ಹೋದರು. ಹೆಂಡತಿ ಎಲ್ಲರಿಗಿಂತ ಮುಂದೆ, ಕುಣಿಯುವ ಹೆಜ್ಜೆಯಲ್ಲಿ ಹೋಗುತ್ತಿದ್ದಳು.

ಮ್ಯಾನೇಜರ್ ಮೆಟ್ಟಿಲ ಮೇಲೆ ಕುಸಿದು ಕೂತ. ಜೀಪು ಹತ್ತುವ ಮುನ್ನ ಅಧಿಕಾರಿಣಿ ಅವನ ಎರಡೂ ಕೈ ಹಿಡಿದುಕೊಂಡರು.

“ಅಳಬೇಡಿ” ಎಂದರು. “ಇನ್ಮೇಲೆ ನೀವು ಒಂಟಿ ಅಲ್ಲ.”