ಕೊಕ್ಕೆ ಹಾಕಿದ ಬೋರ್ಡು

ಕಣ್ಣಿನ ಡಾಕ್ಟರಿಗೆ ಅಳಿಯನ ಉದ್ಯೋಗ ಇನ್ನೂ ಅರ್ಥವಾಗಿರಲಿಲ್ಲ. "ಕಂಪ್ಯೂಟರ್ ಮುಂದೆ ಅದೇನೋ ಕುಟ್ಟುತ್ತಾ ಕೂತಿರ್ತಾರೆ" ಎನ್ನುತ್ತಿದ್ದರು. ಮಾವನಿಂದ ಒಮ್ಮೆಯಾದರೂ "ಭೇಷ್" ಅನ್ನಿಸಿಕೊಳ್ಳಬೇಕೆಂಬುದು ಅಳಿಯನ ಬಹುದಿನದ ಆಸೆ. ಅದಕ್ಕೇ ಅವನು, ಆಸ್ಪತ್ರೆಯಲ್ಲಿ ಸರದಿ ಬಂದವರ ಹೆಸರು ಟಿವಿ ಪರದೆಯ ಮೇಲೆ ಮೂಡುವಂತೆ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆದ. ಒತ್ತಕ್ಷರಗಳು ಸರಿಯಾಗಿ ಬರುತ್ತವೋ ಎಂದು ನೋಡಲು ಮೊದಲ ಹೆಸರಿನ ಜಾಗದಲ್ಲಿ ತನ್ನದೇ ಒಂದು ಸಾಲು ಕಟ್ಟಿ ಹಾಕಿದ. ಮನೆಯಲ್ಲಿ ಅಕ್ಷರಗಳು ಮುತ್ತು ಪೋಣಿಸಿದಂತೆ ಬಂದವು. ಎಲ್ಲವನ್ನೂ ಒಂದೇ ಜಾರ್ ಫೈಲಿನಲ್ಲಿ ಗಂಟು ಕಟ್ಟಿ ತಂದ.

ಆಸ್ಪತ್ರೆಯಲ್ಲಿ ಗಂಟು ಬಿಚ್ಚಿದರೆ ಪರದೆಯ ತುಂಬ ಪ್ರಶ್ನೆಚಿಹ್ನೆ.

ಮುಂದಿನ ಬೆಂಚಿನ ಅಜ್ಜಿ ಕಣ್ಣುಜ್ಜಿಕೊಂಡರು. "ನಿನ್ನೆ ತನಕ ಮಸುಕಾಗಿತ್ತು ಅಷ್ಟೆ. ಇವತ್ತು ಎಲ್ಲಾ ಕೊಕ್ಕೆ ಕೊಕ್ಕೆಯಾಗಿ ಕಾಣ್ತಿದೆಯಲ್ಲಪ್ಪ."

"ನಿಮಗೂ ಕೊಕ್ಕೇನಾ?" ಪಕ್ಕದ ಮೇಷ್ಟ್ರು ದೂರ ಸರಿದು ಕೂತರು. "ಹಾಗಾದ್ರೆ ಇದು ಅಂಟುರೋಗ."

ನರ್ಸಮ್ಮ ಟಿವಿಯ ನೆತ್ತಿಗೆ ಎರಡು ಬಿಟ್ಟರು. ಕಾಂಪೌಂಡರ್, "ಕನ್ನಡ ಅಕ್ಷರದ ಫಾಂಟ್ ಹಾಕಿ ಸಾರ್, ಸರಿಹೋಗತ್ತೆ" ಎಂದ.

"ಫಾಂಟ್ ಇಲ್ದಿದ್ರೆ ಅಕ್ಷರದ ಜಾಗದಲ್ಲಿ ಖಾಲಿ ಡಬ್ಬಿ ಬರ್ತಿತ್ತು ಕಣಯ್ಯ," ಎಂದ ಅಳಿಯ. "ಪ್ರಶ್ನೆಚಿಹ್ನೆ ಬಂತು ಅಂದ್ರೆ ಅಕ್ಷರ ದಾರೀಲೇ ಸತ್ತಿದೆ ಅಂತ."

ಅಜ್ಜಿಯ ಕಿವಿಗೆ ಬಿದ್ದದ್ದು "ಸತ್ತಿದೆ" ಎಂಬುದಷ್ಟೇ. ಅವರು ಸಣ್ಣಗೆ ಅಳಲು ಶುರುಮಾಡಿದರು. ಒಳಗಿನಿಂದ ಮಾವನ ದನಿ ಬಂತು: "ಯಾರ್ರೀ ಅದು, ನನ್ನ ಆಸ್ಪತ್ರೇಲಿ ಸತ್ತಿದ್ದು?"

ಅಳಿಯ ಬೆವರೊರೆಸಿಕೊಳ್ಳುತ್ತ ಹುಡುಕಿದ. ಮಧ್ಯಾಹ್ನದ ಹೊತ್ತಿಗೆ ಕಳ್ಳ ಸಿಕ್ಕ. ಆಸ್ಪತ್ರೆಯ ಹಳೆಯ ಕಂಪ್ಯೂಟರ್, ಬೇರೆ ಹೇಳದಿದ್ದರೆ, ಇಂಗ್ಲಿಷ್ ಅಕ್ಷರಗಳನ್ನಷ್ಟೇ ಒಳಗೆ ಬಿಡುತ್ತಿತ್ತು. ಕನ್ನಡ ಬಂದರೆ ಕೊಕ್ಕೆ ಹಾಕಿ ಕಳಿಸುತ್ತಿತ್ತು. ಪ್ರೋಗ್ರಾಂ ಶುರುಮಾಡುವ ಆಜ್ಞೆಯಲ್ಲಿ ಎಲ್ಲ ಭಾಷೆಯ ಅಕ್ಷರಗಳನ್ನೂ ಒಳಗೆ ಬಿಡಿಸುವ ಯುಟಿಎಫ್-8 ಎಂದೊಂದು ಮಾತು ಸೇರಿಸಿ, ಪರದೆಯ ಬೋರ್ಡನ್ನು ಮೊದಲ ಹೆಸರಿನಿಂದ ಓಡಿಸಿದ.

ಅಕ್ಷರಗಳು ದೇವರಂತೆ ಪ್ರತ್ಯಕ್ಷವಾದವು. ಕಣ್ಣು ಬಂದ ಸಂತೋಷಕ್ಕೆ ಅಜ್ಜಿ, ಮೇಷ್ಟ್ರು, ಇಡೀ ಕೋಣೆ ಪದ್ಯ ಒಪ್ಪಿಸುವ ಮಕ್ಕಳ ಹಾಗೆ ಒಕ್ಕೊರಲಿನಿಂದ ಓದಿತು:

"ಮುಂದಿನವರು: ಕ್ಷಣಕ್ಷಣಕ್ಕೂ ಸಿಡುಕುವ ಕಣ್ಣಾಸ್ಪತ್ರೆ ಮಾವಯ್ಯ, ಒಳಗೆ ಬನ್ನಿ."

ಡಾಕ್ಟರು ಹೊರಗೆ ಬಂದರು. ಕನ್ನಡಕ ಏರಿಸಿಕೊಂಡು, ಪರದೆಯ ಹತ್ತಿರ ಹೋಗಿ, ಒಂದೊಂದೇ ಅಕ್ಷರ ಬಿಡಿಸಿ ಓದಿದರು.

"ಒತ್ತಕ್ಷರ ಒಂದೂ ತಪ್ಪಿಲ್ಲ. ಭೇಷ್, ಅಳಿಯಂದ್ರೇ," ಎಂದು ಬಾಗಿಲು ಹಿಡಿದು ನಿಂತರು. "ನಾನು ಬೆಳಗಿಂದ ಒಳಗೇ ಇದೀನಿ. ಈಗ ನೀವು ಬನ್ನಿ."

ಅಳಿಯ ಬಾಯಿ ತೆರೆದ. ಬಂದದ್ದು ಬರೀ ಖಾಲಿ ಡಬ್ಬಿ.